ಕಟ್ಟಿಸಿದ್ದು

ವೃದ್ಧಾಶ್ರಮದಲ್ಲಿ ಅವಳನ್ನು ಎಲ್ಲರೂ ಪಟ್ಟಿಯಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಮುದುಕರ ಮೈ ತೊಳೆದು, ತಲೆ ಬಾಚಿ, ಉಗುರು ಕತ್ತರಿಸಿದ ಕೈ ಅವಳದು; ಆದರೂ ಹೆಸರು ಬಂದದ್ದು ಅಕ್ಷರದಿಂದ. ಮುತ್ತು ಪೋಣಿಸಿದಂಥ ಅಕ್ಷರ ನೋಡಿಯೇ ಮೇಲ್ವಿಚಾರಕಿ ದಾಖಲೆ ಪುಸ್ತಕಗಳನ್ನೆಲ್ಲ ಅವಳ ಮಡಿಲಿಗೆ ಹಾಕಿದ್ದಳು.

ಅದರಲ್ಲೊಂದು ಹಲ್ಲಿನ ಪುಸ್ತಕ. ಪ್ರತಿ ಹೆಸರಿನ ಮುಂದೆ ಮೂರರಲ್ಲೊಂದು ಬರೆಯಬೇಕು: ಸ್ವಂತದ್ದು, ಕಟ್ಟಿಸಿದ್ದು, ಇಲ್ಲ. ದಂತವೈದ್ಯರು ಬಂದಾಗ ‘ಸ್ವಂತದ್ದು’ ಎಂದಿರುವವರ ಬಾಯಷ್ಟೇ ನೋಡಿ ಹೋಗುತ್ತಿದ್ದರು.

ದರ್ಜಿ ತಾತ ಬಂದು ಸೇರಿದಾಗ ಊಟದ ಗಂಟೆ ಹೊಡೆದಿತ್ತು. ಅವಳು ಬಾಗಿಲಲ್ಲೇ ನಿಂತು ಕೇಳಿದಳು.

“ತಾತ, ಹಲ್ಲು ಸ್ವಂತದ್ದೋ, ಕಟ್ಸಿದ್ದೋ?”

“ಕಟ್ಸಿದ್ದೇ ಕಣಮ್ಮಾ. ನಮ್ಮಮ್ಮ ಕಟ್ಸಿದ್ದು, ಹಾಲು ಕುಡಿಸಿ ಕುಡಿಸಿ. ಒಂದು ಹೊಲಿಗೆ ಬಿಟ್ಟಿಲ್ಲ ನೋಡು ಇನ್ನೂ!”

ಅವಳು ನಕ್ಕಳು ಕೂಡ. ಆದರೆ ಪೆನ್ನು ಮೊದಲ ಮಾತಿಗೇ ಬರೆದು ಮುಗಿಸಿತ್ತು: ಕಟ್ಟಿಸಿದ್ದು. ಆಮೇಲೆ ತಿಂಗಳು ತಿಂಗಳೂ ‘ಮೇಲಿನಂತೆ’, ‘ಮೇಲಿನಂತೆ’.

ತಾತ ಕೂತಲ್ಲೇ ಎಲ್ಲರ ಗುಂಡಿ ಹೊಲಿದುಕೊಡುತ್ತಿದ್ದ. ಕತ್ತರಿ ಕೊಡಹೋದರೆ ಬೇಡವೆಂದು ದಾರವನ್ನು ಹಲ್ಲಿನಲ್ಲೇ ಪಟಕ್ಕನೆ ಕಡಿಯುತ್ತಿದ್ದ. ಅದನ್ನವಳು ದಿನಾ ಕಣ್ಣಾರೆ ಕಂಡಿದ್ದಳು.

ಮೂರನೆಯ ವರ್ಷ ಪಾರ್ಶ್ವವಾಯು ಬಡಿದು ತಾತನ ಮಾತು ನಿಂತಿತು. ಕೈಯೂ ಸೋತಿತು. ಕೆಲವು ತಿಂಗಳಲ್ಲಿ ಚಮಚ ಕಂಡರೆ ಮುಖ ತಿರುಗಿಸತೊಡಗಿದ.

“ಹಠ ಕಣಕ್ಕಾ, ಮಗು ಥರ,” ಎಂದಳು ಅಡುಗೆಯವಳು.

ಹತ್ತು ದಿನ ಆ ಮಾತನ್ನೇ ನಂಬಿದರು. ಕೆನ್ನೆ ಊದಿದಾಗ ಹೊಸ ನರ್ಸಮ್ಮ ಪುಸ್ತಕ ತೆರೆದು ನೋಡಿ, “ಹಲ್ಲಿನ ಸೆಟ್ ಒತ್ತುತ್ತಿರಬೇಕು, ತೆಗೆದು ತೊಳೀರಿ” ಎಂದಳು. ಪಟ್ಟಿಯಕ್ಕ ಬೆರಳು ಹಾಕಿ ಎಳೆದಳು. ಬರಲಿಲ್ಲ. ಭದ್ರವಾಗಿ ಕೂತಿದೆ ಎಂದುಕೊಂಡು ಇನ್ನೊಮ್ಮೆ ಎಳೆದಳು. ಮಾತು ಸತ್ತ ಗಂಟಲಿಂದ ಹೊರಟ ಚೀತ್ಕಾರಕ್ಕೆ ಅವಳು ಕೈ ಹಿಂದೆಗೆದಳು. ಟಾರ್ಚ್ ಬಿಟ್ಟು ನೋಡಿದರೆ ಒಸಡು, ಕೀವು, ಬೇರು. ಮನುಷ್ಯನ ಹಲ್ಲು.

“ಆರು ತಿಂಗಳ ಹಿಂದೆ ತೋರಿಸಿದ್ರೆ ಉಳೀತಿತ್ತು,” ಎಂದರು ದಂತವೈದ್ಯರು. ಕೆಳಗಿನ ಸಾಲು ಪೂರ್ತಿ ಕೀಳಬೇಕಾಯಿತು. ಗಾಯ ಮಾಯ್ದ ಮೇಲೆ ಸೆಟ್ ಬಂತು.

“ಈಗ ಪುಸ್ತಕ ಸರಿಯಾಗೇ ಇದ್ಯಲ್ಲ, ಬಿಡೇ,” ಎಂದಳು ಮೇಲ್ವಿಚಾರಕಿ.

ಅವಳು ಬಿಡಲಿಲ್ಲ. ತಾತನ ಹೆಸರಿನ ಮುಂದಿದ್ದ ಹಳೆಯ ಒಂದೊಂದು ‘ಮೇಲಿನಂತೆ’ಯನ್ನೂ ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ಬರೆದಳು: ‘ಸ್ವಂತದ್ದು. ನಾನು ನೋಡಿರಲಿಲ್ಲ.’ ಅಂದಿನಿಂದ ಟಾರ್ಚ್ ಇಲ್ಲದೆ ಯಾರ ಹಲ್ಲನ್ನೂ ಬರೆದಿಲ್ಲ.

ಕೈ ಸ್ವಲ್ಪ ಚೇತರಿಸಿದ ಮೇಲೆ ತಾತ ಒಂದು ಗುಂಡಿ ಹೊಲಿದ. ಅಭ್ಯಾಸಬಲದಿಂದ ದಾರ ಬಾಯಿಗಿಟ್ಟ. ಸೆಟ್ ಜಾರಿತು. ದಾರವನ್ನು ಅವಳತ್ತ ಚಾಚಿದ.

ಕತ್ತರಿ ಮೇಜಿನ ಮೇಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. “ತಪ್ಪಾಯ್ತು ತಾತ,” ಎಂದು ಬಾಗಿ, ದಾರವನ್ನು ತನ್ನ ಹಲ್ಲಿನಿಂದ ಕಡಿದಳು.