ಮಲವಗೊಪ್ಪದಲ್ಲಿ ಇಳಿದವನು

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಭದ್ರಾವತಿಯ ಹೊರಗೆ ಒಂದೂವರೆ ಎಕರೆಯಲ್ಲಿ ಕಬ್ಬು ಬೆಳೆಯುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಕಬ್ಬು ಒಂದೇ. ತಪ್ಪಿದ್ದೂ ಅದರಿಂದಲೇ.

ತಂಗಿ ಶಿವಮೊಗ್ಗದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸಂಕ್ರಾಂತಿ ಕಳೆದ ಮೇಲೆ ಅವಳ ಮೈಮೇಲೆ ಏಟು ಬೀಳದೆಯೂ ನೀಲಿ ಕಲೆಗಳು ಎದ್ದವು, ಹಲ್ಲುಜ್ಜಿದರೆ ರಕ್ತ. ಅಲ್ಲೇ ಆಸ್ಪತ್ರೆಗೆ ಸೇರಿಸಿದೆವು. ಮೂಳೆಯೊಳಗೆ ರಕ್ತ ಹುಟ್ಟಿಸುವ ಕಾಂಡಕೋಶಗಳಿರುತ್ತವೆ, ಇವಳಲ್ಲಿ ಅವು ಬತ್ತಿಹೋಗಿವೆ ಎಂದರು ಡಾಕ್ಟರಮ್ಮ. ಒಡಹುಟ್ಟಿದ ನನ್ನವು ಹೊಂದಿದರೆ ಅವಳಿಗೆ ಹಾಕಬಹುದಂತೆ. ಮೊದಲು ಬುಧವಾರ ಬಂದು ಪರೀಕ್ಷೆಗೆ ರಕ್ತ ಕೊಡಬೇಕು.

“ಕೊಟ್ಮೇಲೆ ನನ್ನ ಗತಿ?” ಎಂದೆ.

“ಕಬ್ಬು ಬೆಳೀತೀರಲ್ವಾ? ಕೊಯ್ದ ಮೇಲೆ ಬುಡ ಮತ್ತೆ ಚಿಗುರುತ್ತಲ್ಲ, ಹಾಗೇ.”

ಧೈರ್ಯ ಹೇಳಲೆಂದೇ ಅವರು ಹಾಗೆಂದರು. ಆದರೆ ಕೊಯ್ದ ಬುಡದಿಂದ ಏಳುವ ಕೂಳೆ ಬೆಳೆಯನ್ನು ಅವರು ಕಂಡಿರಲಿಲ್ಲ. ಮೊದಲನೇ ಕೂಳೆ ಪರವಾಗಿಲ್ಲ. ಎರಡನೆಯದರಲ್ಲಿ ಜಲ್ಲೆ ಸಣ್ಣಗಾಗುತ್ತದೆ. ಮೂರನೆಯದಕ್ಕೆ ಬುಡ ಕಿತ್ತು ಹೊಸದಾಗಿ ನೆಡುತ್ತೇವೆ. ಮನುಷ್ಯನನ್ನು ಹೊಸದಾಗಿ ನೆಡುವವರು ಯಾರು? ನನಗೆ ಇಬ್ಬರು ಸಣ್ಣ ಮಕ್ಕಳು.

ತಂಗಿಗೆ ಮಾತ್ರ ತಮಾಷೆ. “ನಿನ್ ರಕ್ತ ಬಂದ್ಮೇಲೆ ನಾನೂ ನಿನ್ನಂಗೆ ಗೊರಕೆ ಹೊಡೀತೀನೇನೋ ಮಾರಾಯ! ಆಮೇಲೆ ನನ್ನ ಯಾರು ಮದ್ವೆ ಆಗ್ತಾರೆ?”

ಬುಧವಾರ ಶಿವಮೊಗ್ಗದ ಬಸ್ಸು ಹತ್ತಿದೆ. ದಾರಿ ಮಧ್ಯೆ ಮಲವಗೊಪ್ಪದಲ್ಲಿ ನಿಂತಾಗ ಇಳಿದುಬಿಟ್ಟೆ. ಟೀ ಕುಡಿದು, ರಸ್ತೆ ದಾಟಿ, ವಾಪಸು ಬಸ್ಸು ಹಿಡಿದೆ. ಕಟಾವಿನ ಆಳುಗಳು ಬಂದುಬಿಟ್ಟರು ಎಂದು ತಂಗಿಗೆ ಫೋನಿನಲ್ಲಿ ಸುಳ್ಳು ಹೇಳಿದೆ. ಮುಂದಿನ ಬುಧವಾರವೂ ಅಲ್ಲೇ ಇಳಿದೆ.

ಆ ಸಂಜೆ ಅವಳೇ ಫೋನ್ ಮಾಡಿದಳು.

“ಅಣ್ಣಾ, ನಮ್ಮಂಗಡಿ ಹುಡುಗಿ ನಿನ್ನ ಮಲವಗೊಪ್ಪದಲ್ಲಿ ನೋಡಿದ್ಲಂತೆ. ಅಲ್ಯಾರಿದಾರೆ ನಿಂಗೆ?”

“ನಾನಲ್ಲ ಬಿಡು. ಬೇರೆ ಯಾರೋ.”

ಅವಳು ನಕ್ಕಳು. “ಹಂಗಾದ್ರೆ ನಿನ್ನಂಥವ್ನೇ ಇನ್ನೊಬ್ಬ ಇದಾನೆ ಅನ್ನು. ಅವನ್ನೇ ಕರ್ಕೊಂಡ್ ಬಾ. ಅವನ್ದಾದ್ರೂ ಹೊಂದ್ಬೋದು.”

ಮೂರನೇ ಬುಧವಾರ ಹೋಗಿ ರಕ್ತ ಕೊಟ್ಟೆ. ವರದಿ ಬರುವ ಮೊದಲೇ ಅವಳಿಗೆ ಜ್ವರ ಏರಿತು. ಎದುರಿಸಲು ಮೈಯಲ್ಲಿ ಏನೂ ಉಳಿದಿರಲಿಲ್ಲ. ನಾಲ್ಕೇ ದಿನ. ಅವಳನ್ನು ಮಣ್ಣು ಮಾಡಿದ ಮೇಲೆ ವರದಿ ಬಂತು. ನನ್ನದು ಪೂರ್ತಿ ಹೊಂದುತ್ತಿತ್ತು.

ಡಾಕ್ಟರಮ್ಮನನ್ನು ಒಂದೇ ಮಾತು ಕೇಳಿದೆ. “ಕೊಟ್ಟಿದ್ರೆ ನನ್ನಲ್ಲಿ ಕಮ್ಮಿಯಾಗ್ತಿತ್ತಾ?”

“ಇಲ್ಲಪ್ಪ. ಕೆಲವೇ ವಾರದಲ್ಲಿ ಮತ್ತೆ ತುಂಬ್ಕೋತಿತ್ತು. ಎಷ್ಟು ಖಾಲಿಯಾಗಿದೆ, ಎಷ್ಟು ಹುಟ್ಬೇಕು ಅಂತ ಆ ಕೋಶಗಳಿಗೆ ಹೇಗೆ ಗೊತ್ತಾಗುತ್ತೆ ಅಂತ ಇನ್ನೂ ಸಂಶೋಧನೆ ಮಾಡ್ತಾನೇ ಇದಾರೆ.” ಎರಡು ವಾರ ಮುಂಚೆ ಬಂದಿದ್ದರೂ ಅವಳು ಉಳಿಯುತ್ತಿದ್ದಳೆಂದು ಹೇಳಲಾಗದು ಎಂದೂ ಸಮಾಧಾನ ಹೇಳಿದರು. ಆ ಎರಡು ವಾರ ನಾನು ಎಲ್ಲಿ ಇಳಿದೆನೆಂದು ಅವರಿಗೆ ಹೇಳಲಿಲ್ಲ. ಅಮ್ಮನಿಗೂ ಹೇಳಿಲ್ಲ.

ಗದ್ದೆಯಲ್ಲಿ ಕಬ್ಬಿನ ಗರಿ ಕೈ ಕೊಯ್ದರೆ ರಕ್ತ ಬರುತ್ತದೆ. ಒರೆಸಿಕೊಳ್ಳುತ್ತೇನೆ. ಒಳಗೆ ಮತ್ತೆ ಹುಟ್ಟುತ್ತಿರುತ್ತದೆ, ಯಾರಿಗೂ ಬೇಡದ್ದು.

ಈಗಲೂ ಶಿವಮೊಗ್ಗಕ್ಕೆ ಹೋಗುವಾಗ ಬಸ್ಸು ಮಲವಗೊಪ್ಪದಲ್ಲಿ ನಿಲ್ಲುತ್ತದೆ. ಟೀ ಅಂಗಡಿಯ ಮುಂದೆ ನನ್ನಂಥವನೇ ಒಬ್ಬ, ಬಸ್ಸಿಗೆ ಬೆನ್ನು ಹಾಕಿ, ಲೋಟ ಹಿಡಿದು ನಿಂತಿರುತ್ತಾನೆ. ಕರೆಯಬೇಕೆನಿಸುತ್ತದೆ. ಬಸ್ಸು ಹೊರಡುತ್ತದೆ. ಅವನು ಹತ್ತುವುದಿಲ್ಲ.