ಹೊಳಪಿನ ಚೀಟಿಗಳು

ಕಾಲೇಜಿನ ಭೂವಿಜ್ಞಾನ ವಿಭಾಗದ ಕಲ್ಲುಕೋಣೆಯಲ್ಲಿ ಧೂಳು ಒರೆಸುವುದು ಅವಳ ಕೆಲಸ. ವಿದ್ಯಾರ್ಥಿಗಳ ಬಾಯಲ್ಲಿ ಅವಳು ಧೂಳಕ್ಕ. ಹತ್ತೊಂಬತ್ತು ವರ್ಷ ಅವೇ ಆರು ಬೀರು, ಅವೇ ನಾನೂರು ಚಿಲ್ಲರೆ ಕಲ್ಲು.

ಒಂದು ರಜೆಯಲ್ಲಿ ಮಹಡಿಯ ಪೈಪು ಒಡೆದು ಬೀರುಗಳೊಳಗೆ ನೀರಿಳಿಯಿತು. ಕಲ್ಲುಪ್ಪಿನ ಎರಡು ತುಂಡು ಕರಗಿಹೋದವು. ಉಳಿದ ಕಲ್ಲು ಜಗ್ಗಲಿಲ್ಲ, ಆದರೆ ಹೆಸರು ಬರೆದಿದ್ದ ಚೀಟಿಗಳ ಶಾಯಿಯೆಲ್ಲ ಕದಡಿ ಯಾವುದು ಯಾವುದೆಂದು ತಿಳಿಯದಾಯಿತು. ಎಲ್ಲವನ್ನೂ ಮತ್ತೆ ಪರೀಕ್ಷಿಸಲು ಪುರುಸೊತ್ತು ಯಾರಿಗಿದೆ, ಪೆಟ್ಟಿಗೆಗೆ ತುಂಬಿ ಗೋದಾಮಿಗೆ ಹಾಕಿಬಿಡಿ ಎಂದರು ವಿಭಾಗದ ಮುಖ್ಯಸ್ಥೆ.

"ಹೆಸರು ನೀವು ಹಾಕಿ ಮೇಡಂ. ಯಾವ ಕಲ್ಲು ಹೇಗೆ ಹೊಳೆಯುತ್ತೆ ಅಂತ ನಾನು ಬರ್ಕೊಡ್ತೀನಿ," ಎಂದಳು ಧೂಳಕ್ಕ.

ಮೇಡಂಗೆ ನಗು ಬಂತು. ಆದರೂ ಕಾಲೇಜು ತೆರೆಯುವವರೆಗೆ ಗಡುವು ಕೊಟ್ಟರು.

ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಗಾಜಿನಂತೆ, ಮುತ್ತಿನಂತೆ, ಎಣ್ಣೆ ಸವರಿದಂತೆ ಹೊಳಪು, ಇಲ್ಲವೇ ಒಣಮಣ್ಣಿನಂತೆ ಮಂಕು ಎಂದು ಒಂದೊಂದು ಕಲ್ಲಿಗೂ ಒಂದೊಂದು ಚೀಟಿ ಬರೆದಳು. ಮೊದಲ ಎಂಬತ್ತು ಚೀಟಿ ನೋಡಿದ ಮೇಡಂ, ಇದರಲ್ಲಿ ಅರ್ಧಕ್ಕರ್ಧ ಎಣ್ಣೆಹೊಳಪು ಎಂದಿದೆ, ಇದು ಕಲ್ಲಿನದಲ್ಲ, ಇಷ್ಟು ವರ್ಷ ಹುಡುಗರು ಮುಟ್ಟಿದ ಕೈಜಿಡ್ಡು ಎಂದರು. ಅವಳ ಮುಖ ಸಪ್ಪಗಾಯಿತು. ದಿನಾ ಒರೆಸಿದವಳಿಗೇ ಹೊಳೆಯಲಿಲ್ಲವಲ್ಲ! ಎಂಬತ್ತನ್ನೂ ಹರಿದುಹಾಕಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದನ್ನೇ ತಿಕ್ಕಿ, ಮತ್ತೆ ಮೊದಲಿನಿಂದ ಬರೆಯತೊಡಗಿದಳು.

ಎಳೆಎಳೆಯಾದ ಒಂದು ಬಿಳಿ ಕಲ್ಲು ಎರಡು ದಿನ ಸತಾಯಿಸಿತು. ಕೊನೆಗೆ ಮೇಡಂ ಒಪ್ಪಿಗೆ ಪಡೆದು ಮನೆಗೊಯ್ದು, ದರ್ಜಿಯಾದ ಗಂಡನ ಕೈಗಿಟ್ಟಳು. ಅವನು ಕನ್ನಡಕ ಮೇಲೇರಿಸಿ, ದೀಪದ ಕೆಳಗೆ ಅತ್ತಿತ್ತ ಹೊರಳಿಸಿದ.

"ಎಳೆಗೆ ಅಡ್ಡವಾಗಿ ಬೆಳಕು ಜಾರ್ತಿದೆ ನೋಡು. ರೇಷ್ಮೆ ಇದು. ಹೊಲಿಯೋಕಾಗಲ್ಲ, ಅಷ್ಟೆ."

ಹಾಗೆಯೇ ಬರೆದಳು, ಹೊಲಿಗೆಯ ಮಾತೊಂದನ್ನು ಬಿಟ್ಟು.

ಗಡುವಿಗೆ ಎರಡು ದಿನ ಮೊದಲೇ ಚೀಟಿಗಳ ಕಟ್ಟು ಮೇಡಂ ಮೇಜಿಗೆ ಬಂತು. ಆ ವಿವರಕ್ಕೆ ಬಣ್ಣ, ಆಕಾರ ಸೇರಿಸಿ ನೋಡಿ ಮುಕ್ಕಾಲು ಪಾಲು ಕಲ್ಲುಗಳನ್ನು ಅವರು ಸಲೀಸಾಗಿ ಗುರುತಿಸಿದರು, ಮಿಕ್ಕವಕ್ಕಷ್ಟೇ ಪರೀಕ್ಷೆ ಬೇಕಾಯಿತು. ಗೋದಾಮಿನ ಮಾತು ಅಲ್ಲಿಗೇ ನಿಂತಿತು. ಹೊಸ ಚೀಟಿಗಳಲ್ಲಿ ಕಲ್ಲಿನ ಹೆಸರಿನ ಕೆಳಗೆ ಅವಳು ಬರೆದ ಹೊಳಪಿನ ಸಾಲೂ ಅಚ್ಚಾಯಿತು.

ಮೂರು ಚೀಟಿಗಳಲ್ಲಿ ಮಾತ್ರ ಹೊಳಪಿನ ಸಾಲು ಖಾಲಿ. ಅಂದಾಜಿನ ಮೇಲೆ ಏನಾದರೂ ಬರೆದುಬಿಡಿ ಎಂದರು ಮೇಡಂ.

"ಮೋಡ ಸರೀಲಿ ಮೇಡಂ. ಬಿಸಿಲಲ್ಲಿ ಇನ್ನೊಂದ್ಸಲ ನೋಡ್ಬೇಕು," ಎಂದು ಧೂಳಕ್ಕ ಆ ಮೂರು ಕಲ್ಲನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟಳು.