ಜಲಪಾತದ ನೆತ್ತಿಯ ಹಗ್ಗ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಅವನು ಜಲಪಾತದ ನೆತ್ತಿಯ ಬಂಡೆಯ ಮೇಲೆ ಕುಳಿತು, ಹಗ್ಗವನ್ನು ಬೆರಳ ಸಂದಿಯಲ್ಲಿ ಜಾರಿಸುತ್ತಾ ಎಲ್ಲಾದರೂ ಎಳೆ ಕಿತ್ತುಹೋಗಿದೆಯೇ ಎಂದು ನೋಡುತ್ತಿದ್ದ. ಜನ ಅವನನ್ನು ಕರೆಯುತ್ತಿದ್ದುದು ಹಗ್ಗದಣ್ಣ ಎಂದು. ನೋಡಲು ಬಂದವರ ತಲೆಯ ಮೇಲೆ ಬೀಳದಂತೆ, ಗೇಟು ತೆರೆಯುವ ಮೊದಲೇ ಬಂಡೆಗೋಡೆಯ ಸಡಿಲ ಕಲ್ಲುಗಳನ್ನು ಕಿತ್ತುಹಾಕುವುದು ಅವನ ಮತ್ತು ಅಕ್ಕನ ಗಂಡನ ಕೆಲಸ. ಭಾವ ಇಳಿಯುವವನು, ಇವನು ಹಿಡಿಯುವವನು.

"ಗಟ್ಟಿಯಾಗಿ ಹಿಡ್ಕೊಳಪ್ಪಾ," ಸೊಂಟದ ಪಟ್ಟಿ ಬಿಗಿಯುತ್ತಾ ಭಾವ ಹೇಳಿದ. "ನಾನು ಬಿದ್ರೆ ನಿಮ್ಮಕ್ಕ ಗಂಟುಮೂಟೆ ಕಟ್ಕೊಂಡು ನಿನ್ನ ಮನೆಗೇ ಬರ್ತಾಳೆ."

"ಹಾಗಾದ್ರೆ ಇನ್ನೊಂದು ಗಂಟು ಹಾಕ್ತೀನಿ, ಇರಿ."

ನದಿ ಅಲ್ಲಿಯವರೆಗೆ ಗಾಜಿನ ಹಲಗೆಯಂತೆ ಸದ್ದಿಲ್ಲದೆ ಬರುತ್ತದೆ. ಅಂಚಿನಲ್ಲಿ ಒಂದು ಕ್ಷಣ ಹಸಿರಾಗಿ ಬಾಗಿ, ಆಮೇಲೆ ಬಿಳಿ ಪುಡಿಯಾಗಿ ಬೀಳುತ್ತದೆ. ಆ ಮೊರೆತ ಕಿವಿಗಿಂತ ಮೊದಲು ಪಕ್ಕೆಲುಬಿಗೆ ತಿಳಿಯುತ್ತದೆ. ಅಂಚು ದಾಟಿ ಇಳಿದವನಿಗೆ ಮೇಲಿನವರ ಕೂಗು ಕೇಳಿಸದು. ಹಾಗಾಗಿ ಹಗ್ಗವೇ ಮಾತಾಡಬೇಕು: ಮೂರು ಸಲ ಜಗ್ಗಿದರೆ ಮೇಲೆತ್ತು, ಎರಡು ಸಲ ಜಗ್ಗಿದರೆ ಸಡಿಲ ಬಿಡು. ಮೇಲಿನವನು ಅಷ್ಟೇ ಸಲ ತಿರುಗಿ ಜಗ್ಗಿ ಕೇಳಬೇಕು. ಕೆಳಗಿನವನು ಹೌದೆಂದು ಮತ್ತೆ ಜಗ್ಗಿದ ಮೇಲೆಯೇ ಹಗ್ಗ ಬಿಡಬೇಕು. ಹೊಸಬರು ಹಾಗೆ ಮಾಡುತ್ತಿದ್ದರು. ಇವರಿಬ್ಬರಿಗೆ ಅದು ಗಂಡ ಹೆಂಡತಿ ಒಬ್ಬರನ್ನೊಬ್ಬರು ನಿನ್ನ ಹೆಸರೇನು ಎಂದು ಕೇಳಿದ ಹಾಗೆನಿಸಿ, ಕೇಳುವುದು ಬಿಟ್ಟುಹೋಗಿತ್ತು.

ಅಂದು ಭಾವ ಅಂಚು ದಾಟಿ ಇಳಿದ ಮೇಲೆ ಗಾಳಿ ತಿರುಗಿತು. ಹಗ್ಗ ಎರಡು ಸಲ ಜಗ್ಗಿತು. ಅವನು ಒಂದು ಮಾರು ಸಡಿಲ ಬಿಟ್ಟ. ಮರುಕ್ಷಣವೇ ಭಾರವೆಲ್ಲ ಒಮ್ಮೆಗೇ ಕೈಗೆ ಬಂತು. ಪಾಚಿಗಟ್ಟಿದ ಬಂಡೆಯ ಮೇಲೆ ಹಗ್ಗವನ್ನೇ ನಂಬಿ ವಾಲಿದ್ದ ಭಾವ ಹಿಂದಕ್ಕೆ ಬಿದ್ದು ತಲೆ ಒಡೆದುಕೊಂಡಿದ್ದ.

ಹೆಣವನ್ನು ಕೆಳಗಿಳಿಸಿದ ಮೇಲೆ ಕೆಳಗಿದ್ದವರು ಅದರ ಸೊಂಟದ ಪಟ್ಟಿ ಬಿಚ್ಚಿದರು. ಮೇಲೆ ಹಗ್ಗದಣ್ಣನ ಕೈಯಲ್ಲಿ ಬರಿ ಹಗ್ಗ ಉಳಿದಿತ್ತು. ಜಲಪಾತದ ಒಂದು ಸೀಳು ಗಾಳಿಗೆ ಹಾರಿ ಅದಕ್ಕೆ ಬಡಿಯಿತು. ಆ ಬರಿ ಹಗ್ಗ ಎರಡು ಸಲ ಜಗ್ಗಿತು.

ಮನೆಯಲ್ಲಿ ಅಕ್ಕ ಅಳುತ್ತಿರಲಿಲ್ಲ. ಅವನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು.

"ಅವರೇ ಸಡಿಲ ಕೇಳಿದ್ರೇನೋ? ನಿಜ ಹೇಳು. ಬೆಳಿಗ್ಗೆ ಜಗಳ ಆಗಿತ್ತು. ಆ ನೀರಲ್ಲೇ ಬಿದ್ದಿರಿ, ಮನೆಗ್ಯಾಕೆ ಬರ್ತೀರಿ ಅಂದ್ಬಿಟ್ಟೆ. ಅದನ್ನೇ ಮನಸ್ಸಿಗೆ ಹಚ್ಕೊಂಡು ಬೇಕಂತಲೇ..."

ಅವನು ಬಾಗಿಲು ತೆಗೆದು ಹೊರನಡೆದ. ಹೊರಗೆ ಜೊತೆಯ ಕೆಲಸಗಾರನೊಬ್ಬ ಆಗಲೇ ಬುದ್ಧಿ ಹೇಳಿದ್ದ: "ಅವನೇ ಜಗ್ಗಿದ ಅನ್ನು. ಸತ್ತವನು ಸಾಕ್ಷಿಗೆ ಬರಲ್ಲ."

ಮೂರನೆಯ ದಿನ ಕಚೇರಿಯಲ್ಲಿ ವಿಚಾರಣೆ. ಅಕ್ಕ ಗೋಡೆ ಬದಿಯ ಬೆಂಚಿನ ಮೇಲೆ ಕುಳಿತಿದ್ದಳು. ಅಧಿಕಾರಿ ಕೇಳುವ ಮೊದಲೇ ಅವನು ಅವಳ ಕಡೆ ತಿರುಗಿ ಹೇಳಿದ: "ಭಾವ ಏನೂ ಕೇಳಿರ್ಲಿಲ್ಲ ಅಕ್ಕಾ. ಜಗ್ಗಿದ್ದು ನೀರು. ನಾನು ತಿರುಗಿ ಕೇಳ್ದೆ ಬಿಟ್ಟೆ."

ಅಕ್ಕ ಬಹಳ ಹೊತ್ತು ಅವನ ಕೈಗಳನ್ನೇ ನೋಡಿದಳು. ಆಮೇಲೆ ಎದ್ದು ಹೋದಳು. ಅಂದಿನಿಂದ ಅವಳು ಅವನ ಜೊತೆ ಮಾತಾಡಲಿಲ್ಲ. ಆದರೆ ಆ ಜಗಳದ ಮಾತನ್ನೂ ಯಾರೆದುರೂ ಮತ್ತೆ ಎತ್ತಲಿಲ್ಲ, ರಾತ್ರಿ ನಿದ್ದೆ ಮಾಡುತ್ತಿದ್ದಳಂತೆ. ಹಗ್ಗದಣ್ಣನಿಗೆ ಅಷ್ಟು ಸಾಕಿತ್ತು.

ಅವಳು ಹೋದ ಮೇಲೆ ಅಧಿಕಾರಿ ತಗ್ಗಿದ ದನಿಯಲ್ಲಿ ಕೇಳಿದ್ದ: "ತಿರುಗಿ ಕೇಳೋದನ್ನ ಬಿಟ್ಟು ಎಷ್ಟು ಕಾಲ ಆಗಿತ್ತಪ್ಪಾ?"

"ಹನ್ನೊಂದು ವರ್ಷ."